ಸೂಜಿ ಏಳದ ಲಾರಿ

ಸರೋಜಕ್ಕ, ಮುರುಗೇಶಣ್ಣ ಡೀಸೆಲ್ ಮಾರಿಕೊಂಡಿರಲಿಲ್ಲ. ಒಂದು ಲೀಟರೂ ಇಲ್ಲ, ಒಂದು ದಿನವೂ ಇಲ್ಲ. ಆ ಲಾರಿ ಸಿಕ್ಕಾಪಟ್ಟೆ ಡೀಸೆಲ್ ಕುಡಿಯುವ ಹಾಗೆ ಮಾಡಿದವನು ನಾನು. ಅದು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದವನೂ ನಾನೇ—ನೀವು ಬಾಯ್ತುಂಬ ‘ಗಿರಿ’ ಅಂತ ಕರೆಯುವ, ನಿಮ್ಮ ಕೈಯ ಊಟವನ್ನು ಎಷ್ಟೋ ಭಾನುವಾರ ಉಂಡ ಈ ಗಿರೀಶ.

ಇಷ್ಟು ಬರೆಯಲು ಹದಿನೈದು ದಿನ ಬೇಕಾಯಿತು. ಹದಿನೈದು ದಿನದ ಹಿಂದೆ ಭದ್ರಾವತಿಯಲ್ಲಿ ನಿಮ್ಮ ಮನೆಯಲ್ಲಿ ಕೂತು ಕಾಫಿ ಕುಡಿದೆನಲ್ಲ, ಆಗಲೇ ಹೇಳಬಹುದಿತ್ತು. ಹೇಳದೆ ಎದ್ದು ಬಂದೆ. ಈಗ ನಿಮಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಬರೆಯುತ್ತೇನೆ. ನಡುವಿನಿಂದ ಶುರು ಮಾಡಿದರೆ ಎಲ್ಲಾದರೂ ಜಾರಿಕೊಂಡೇನು ಎಂಬ ಭಯ. ಜಾರಿಕೊಳ್ಳುವುದರಲ್ಲಿ ನಾನು ಮೊದಲಿನಿಂದಲೂ ಗಟ್ಟಿಗ.

ಇಪ್ಪತ್ತು ವರ್ಷದ ಮೇಲಾಯಿತು. ಶಿವಮೊಗ್ಗದ ಆಲ್ಕೊಳ ಸರ್ಕಲ್ಲಿನಿಂದ ಸ್ವಲ್ಪ ಮುಂದೆ ನಾಲ್ಕು ತಗಡು ಹೊದೆಸಿ ನಾನು ಸ್ವಂತ ಗ್ಯಾರೇಜು ತೆರೆದಿದ್ದೆ. ಬೇರೆಯವರ ಕೈಕೆಳಗೆ ಹತ್ತು ವರ್ಷ ಸ್ಪ್ಯಾನರ್ ತಿರುಗಿಸಿದವನಿಗೆ ಬಾಗಿಲ ಮೇಲೆ ತನ್ನದೇ ಹೆಸರು ಕಂಡರೆ ಏನಾಗುತ್ತದೆ—ತಲೆ ನಿಲ್ಲುವುದಿಲ್ಲ. ಅಲ್ಪನಿಗೆ ಐಶ್ವರ್ಯ ಬಂದರೆ ಎನ್ನುವ ಗಾದೆ ನನ್ನನ್ನು ನೋಡಿಯೇ ಕಟ್ಟಿದ್ದಿರಬೇಕು. ಹೊಸಮನೆಯ ಮಲ್ಲೇಶಪ್ಪ ಸಾಹುಕಾರರ ನಾಲ್ಕು ಲಾರಿಗಳೂ ನನ್ನ ಹತ್ತಿರವೇ ಬರುತ್ತಿದ್ದವು. ಅವರು ಅಡಿಕೆ ಮಂಡಿಯ ಚೀಲಗಳನ್ನೂ ಭದ್ರಾವತಿಯ ಕಬ್ಬಿಣವನ್ನೂ ಸಾಗಿಸುತ್ತಿದ್ದವರು. ಅವರ ನಾಲ್ವರು ಡ್ರೈವರುಗಳಲ್ಲಿ ಹಿರಿಯರು ಮುರುಗೇಶಣ್ಣ.

ಬೇರೆ ಡ್ರೈವರುಗಳು ಗಾಡಿ ಬಿಟ್ಟು ಟೀ ಅಂಗಡಿಗೆ ಹೋದರೆ ಅಣ್ಣ ನನ್ನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದರು. ನನ್ನನ್ನು ಸ್ವಂತ ತಮ್ಮನ ಹಾಗೆ ತಂಬಿ ಅನ್ನುತ್ತಿದ್ದರು. ರಿಪೇರಿ ಮುಗಿದ ಮೇಲೆ ಗಾಡಿಯ ಸದ್ದು ನೋಡಲು ಇಬ್ಬರೂ ಭದ್ರಾವತಿ ರಸ್ತೆಯಲ್ಲಿ ಒಂದು ಸುತ್ತು ಹೋಗುವುದು. ಆ ಸುತ್ತು ಯಾವಾಗಲೂ ನಿಮ್ಮ ಮನೆಯ ಬೀದಿಗೇ ಹೋಗಿ ನಿಲ್ಲುತ್ತಿತ್ತು. ಕಾರ್ಖಾನೆಯ ಸೈರನ್ ಕೂಗುವುದಕ್ಕೂ ನೀವು ಟೊಮ್ಯಾಟೊ ಅನ್ನದ ಪಾತ್ರೆಯ ಮುಚ್ಚಳ ತೆಗೆಯುವುದಕ್ಕೂ ಸರಿಹೋಗುತ್ತಿತ್ತು. ನೀವು ಗಂಡನ ಜೊತೆ ತಮಿಳಿನಲ್ಲಿ ಜಗಳವಾಡಿ ನನ್ನ ಜೊತೆ ಕನ್ನಡದಲ್ಲಿ ನಗುತ್ತಿದ್ದಿರಿ. ನನಗೆ ಸ್ವಂತ ಅಕ್ಕ ಇರಲಿಲ್ಲ ಸರೋಜಕ್ಕ. ಆ ಮನೆಯ ಊಟವನ್ನು ನಾನು ತುಂಬ ಇಷ್ಟಪಡುತ್ತಿದ್ದೆ, ಈಗಲೂ ನೆನೆಸಿಕೊಳ್ಳುತ್ತೇನೆ.

ಗಾಳಿ ಅಂದರೆ ಏನು ಅಂತ ನನಗೆ ಹೇಳಿಕೊಟ್ಟವರು ಅಣ್ಣ. ಒಂದು ಸಲ ಓಡುವ ಲಾರಿಯಲ್ಲಿ ನನ್ನ ಕೈಯನ್ನು ಕಿಟಕಿಯ ಆಚೆ ಚಾಚಿಸಿದರು. ಅಂಗೈ ನೆಟ್ಟಗೆ ಹಿಡಿ ಅಂದರು. ಗಾಳಿ ತೋಳನ್ನೇ ಹಿಂದಕ್ಕೆ ಎಳೆಯಿತು. ಈಗ ಸ್ವಲ್ಪ ಓರೆ ಮಾಡು ಅಂದರು. ಎಳೆತ ಅರ್ಧಕ್ಕರ್ಧ ಕಡಿಮೆಯಾಯಿತು. ಇಡೀ ಲಾರಿ ಹೀಗೇ ಕೈ ಚಾಚಿಕೊಂಡು ಓಡುತ್ತದೆ, ಆ ಎಳೆತಕ್ಕೆಲ್ಲ ಡೀಸೆಲ್ಲೇ ಉತ್ತರ ಕೊಡಬೇಕು ಅಂದರು. ಟಾರ್ಪಾಲು ಕಟ್ಟುವಾಗ ಒಂದು ಮಡಿಕೆ ಸಡಿಲವಿದ್ದರೂ ಇಳಿದು ಮತ್ತೆ ಬಿಗಿಯುತ್ತಿದ್ದವರು ಅವರು. ಪಟಪಟ ಅನ್ನುವ ಟಾರ್ಪಾಲಿನ ಸದ್ದು ಕೇಳಿದರೆ ಅವರಿಗೆ ಹಲ್ಲು ನೋವು ಬಂದ ಹಾಗಾಗುತ್ತಿತ್ತು.

ಆ ವರ್ಷ ಸಾಹುಕಾರರಿಗೆ ಒಂದು ಆಸೆ ಹುಟ್ಟಿತು. ಲಾರಿಯ ತಲೆಯ ಮೇಲೆ ದೊಡ್ಡ ಬೋರ್ಡು ಬೇಕು, ಅದರಲ್ಲಿ ಅವರ ತಾಯಿಯ ಹೆಸರು ಇರಬೇಕು, ಫರ್ಲಾಂಗು ದೂರದಿಂದ ಕಾಣಬೇಕು. ಕಿರೀಟ ಅನ್ನುತ್ತೇವೆ ನಾವು ಅದಕ್ಕೆ. ಮೊದಲು ಅಣ್ಣನ ಗಾಡಿಗೇ ಅಂತ ತೀರ್ಮಾನವಾಯಿತು. ನಾನು ಮೂರಡಿ ಎತ್ತರದ ತಗಡನ್ನು ಕ್ಯಾಬಿನ್ನಿನ ಮೇಲೆ ಗೋಡೆಯ ಹಾಗೆ ನೆಟ್ಟಗೆ ನಿಲ್ಲಿಸಿದೆ. ಅಣ್ಣ ಸುತ್ತ ಒಂದು ಸಲ ತಿರುಗಿ ನೋಡಿ ಹೇಳಿದ ಮಾತು ಈಗಲೂ ಕಿವಿಯಲ್ಲಿದೆ. “ಸ್ವಲ್ಪ ಹಿಂದಕ್ಕೆ ಬಾಗ್ಸು ತಂಬಿ. ಗಾಳಿಗೆ ಎದೆ ಕೊಡ್ಬಾರ್ದು, ಹೆಗಲು ಕೊಡ್ಬೇಕು.” ಬಾಗಿಸಿದರೆ ಸಾಹುಕಾರರ ತಾಯಿಯ ಹೆಸರನ್ನು ಕಾಗೆಗಳು ಓದಬೇಕಾಗುತ್ತದೆ ಅಂತ ನಾನು ತಮಾಷೆ ಮಾಡಿದೆ. ಅವರೂ ನಕ್ಕರು. ಬೋರ್ಡು ನೆಟ್ಟಗೇ ಉಳಿಯಿತು.

ಅದು ಮೊದಲನೆಯದು. ಎರಡನೆಯದು ಇನ್ನೂ ಸಣ್ಣದು—ಅಂಗೈಯಲ್ಲಿ ಹಿಡಿಯುವಷ್ಟು.

ಅದೇ ತಿಂಗಳು ಹುಲಿಕಲ್ ಘಾಟಿ ಹತ್ತುವಾಗ ಇಂಜಿನ್ ಕಾದು ಗಾಡಿ ಎರಡು ಸಲ ನಿಂತಿತು. ರೇಡಿಯೇಟರಿನ ಸಂದಿಗಳಲ್ಲಿ ಅಡಿಕೆಸಿಪ್ಪೆಯ ನಾರು, ಹುಳು, ಮಣ್ಣು ಕೂತು ಗಾಳಿಯೇ ಆಡುತ್ತಿರಲಿಲ್ಲ. ಬಿಚ್ಚಿ ತೊಳೆಯಬೇಕಿತ್ತು. ಅದಕ್ಕೆ ಅರ್ಧ ದಿನ ಬೇಕು. ನಮ್ಮ ಕಸುಬಿನಲ್ಲಿ ಇದಕ್ಕೊಂದು ಅಡ್ಡದಾರಿ ಇದೆ. ಎಲ್ಲರೂ ಮಾಡುತ್ತಾರೆ, ನನ್ನ ಗುರುವೂ ಮಾಡುತ್ತಿದ್ದ. ಇಂಜಿನ್ನಿನ ನೀರಿನ ದಾರಿಯಲ್ಲಿ ಒಂದು ಸಣ್ಣ ವಾಲ್ವ್ ಇರುತ್ತದೆ. ಇಂಜಿನ್ ತಣ್ಣಗಿದ್ದಾಗ ಅದು ಮುಚ್ಚಿಕೊಂಡು ನೀರನ್ನು ಒಳಗೇ ಸುತ್ತಿಸುತ್ತದೆ. ಹದಕ್ಕೆ ಬಿಸಿಯಾದ ಮೇಲೆ ತೆರೆದು ರೇಡಿಯೇಟರಿಗೆ ಬಿಡುತ್ತದೆ. ಗಾಡಿ ಕಾಯುತ್ತದೆ ಅಂದರೆ ಸಾಕು, ನಾವು ಮೊದಲು ಆ ವಾಲ್ವನ್ನೇ ಕಿತ್ತು ಬಿಸಾಕುತ್ತೇವೆ. ಹತ್ತು ನಿಮಿಷದ ಕೆಲಸ. ನಾನೂ ಅದನ್ನೇ ಮಾಡಿದೆ.

ಗೊತ್ತಿಲ್ಲದೆ ಮಾಡಿದೆ ಅನ್ನಲು ಬಾಯಿ ಬರುತ್ತಿದೆ. ಸುಳ್ಳು. ಅದಕ್ಕೆ ಒಂದು ವರ್ಷ ಮುಂಚೆ ಲಾರಿ ಕಂಪನಿಯವರು ನಮ್ಮಂಥವರನ್ನು ಕೂಡಿಸಿ ಎರಡು ದಿನ ಪಾಠ ಮಾಡಿದ್ದರು. ಪಾಠ ಮಾಡಿದವರು ಪಾತ್ರೆಯ ನೀರಿನಲ್ಲಿ ವಾಲ್ವ್ ಮುಳುಗಿಸಿ, ಸ್ಟೌ ಮೇಲಿಟ್ಟು, ಅದು ಬಾಯಿ ಬಿಡುವುದನ್ನು ತೋರಿಸಿದ್ದರು. ಇದನ್ನು ಕಿತ್ತರೆ ಬಯಲುಸೀಮೆಯಲ್ಲಿ ಇಂಜಿನ್ ಹದಕ್ಕೆ ಬರುವುದೇ ಇಲ್ಲ, ತಣ್ಣನೆಯ ಇಂಜಿನ್ ಡೀಸೆಲ್ ನುಂಗುತ್ತದೆ ಅಂತ ಬಿಡಿಸಿ ಹೇಳಿದ್ದರು. ಮಧ್ಯಾಹ್ನದ ಊಟ ಚೆನ್ನಾಗಿತ್ತು, ಅದೂ ನೆನಪಿದೆ. ಎಲ್ಲ ನೆನಪಿತ್ತು ಅಕ್ಕ.

ಒಂದು ತಿಂಗಳೊಳಗೆ ಮೈಲೇಜು ಬಿತ್ತು. ಲೀಟರಿಗೆ ನಾಲ್ಕೂವರೆ ಕಿಲೋಮೀಟರು ಓಡುತ್ತಿದ್ದ ಗಾಡಿ ನಾಲ್ಕಕ್ಕೂ ಕೆಳಗೆ ಬಂತು. ಚಿತ್ರದುರ್ಗದಾಚೆಯ ಬಯಲಿನ ಎದುರುಗಾಳಿಗೆ ಆ ಬೋರ್ಡು ಎದೆ ಕೊಟ್ಟು ನಿಂತಿತ್ತು. ಒಳಗೆ ಇಂಜಿನ್ ಚಳಿ ಹಿಡಿದವರ ಹಾಗೆ ನಡುಗುತ್ತಾ ಓಡುತ್ತಿತ್ತು. ಅಣ್ಣ ಬಂದು ಹೇಳಿದರು, ಬಿಸಿ ತೋರಿಸುವ ಮೀಟರಿನ ಸೂಜಿ ಮೇಲೆ ಏಳುತ್ತಲೇ ಇಲ್ಲ ತಂಬಿ, ವಾಲ್ವ್ ಹಾಕಿಬಿಡು, ರೇಡಿಯೇಟರ್ ತೊಳೆದುಬಿಡು, ನಾನೂ ಕೈ ಹಚ್ಚುತ್ತೇನೆ. ಮುಂದಿನ ವಾರ ಮಾಡೋಣ ಅಂದೆ. ಆ ವಾರ ಬೇರೆ ಕೆಲಸ ಬಂತು. ಅದರ ಮುಂದಿನ ವಾರವೂ—

ಲಾರಿಯವರ ಲೋಕದಲ್ಲಿ ಮೈಲೇಜು ಬಿದ್ದರೆ ಒಂದೇ ಪ್ರಶ್ನೆ. ಅದನ್ನು ಯಾರೂ ಡ್ರೈವರನನ್ನು ಕೇಳುವುದಿಲ್ಲ, ಮೆಕ್ಯಾನಿಕ್‌ನನ್ನು ಕೇಳುತ್ತಾರೆ. ಗಾಡಿ ಸರಿ ಇದೆಯಾ? ಇಲ್ಲ ಅಂದರೆ ತಪ್ಪು ಗಾಡಿಯದು. ಇದೆ ಅಂದರೆ ಡ್ರೈವರ್ ದಾರಿಯಲ್ಲಿ ಡೀಸೆಲ್ ಇಳಿಸಿ ಮಾರುತ್ತಿದ್ದಾನೆ. ಕಳ್ಳ ಅನ್ನುವ ಪದವನ್ನು ಯಾರೂ ಬಾಯಿಬಿಟ್ಟು ಆಡಬೇಕಾಗಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಸಾಹುಕಾರರು ಗ್ಯಾರೇಜಿಗೆ ಬಂದರು. ಅಣ್ಣ ಅಲ್ಲೇ ಇದ್ದರು. ಸಾಹುಕಾರರ ಮುಖ ನೋಡಿಯೇ ಅವರಿಗೆ ಅರ್ಥವಾಯಿತು. ಆದರೂ ಅಂಜಲಿಲ್ಲ. “ಇಂಜಿನ್ ಬಿಸಿನೇ ಆಗ್ತಿಲ್ಲ ಸಾಹುಕಾರ್ರೇ. ತಂಬೀನ ಕೇಳಿ” ಅಂದರು. ಎಷ್ಟು ನಂಬಿಕೆಯಿಂದ ಅಂದರು! ಸಾಹುಕಾರರು ನನ್ನ ಕಡೆ ತಿರುಗಿದರು.

“ಗಾಡಿ ಸರಿ ಇದ್ಯಾ ಗಿರೀಶ?”

“ಸರಿ ಇದೆ. ಮೀಟರಿನ ಸೂಜಿ ಕೆಟ್ಟಿದೆ, ಅಷ್ಟೇ.”

ಅಷ್ಟೇ. ಯಾಕೆ ಹಾಗಂದೆ? ವಾಲ್ವ್ ಕಿತ್ತಿದ್ದು ನಾನೇ ಅಂದರೆ ನಾಲ್ಕು ಲಾರಿಗಳೂ ಬೇರೆ ಗ್ಯಾರೇಜಿಗೆ ಹೋಗುತ್ತವೆ ಅನ್ನುವ ಭಯ. ಸಾಹುಕಾರರ ತಾಯಿಯ ಹೆಸರಿನ ಬೋರ್ಡಿಗೆ ಕುಂದು ಹೇಳುವ ಧೈರ್ಯ ಇಲ್ಲ. ಅದಕ್ಕಿಂತ ಹೆಚ್ಚಾಗಿ ಜಂಬ. ಒಬ್ಬ ಡ್ರೈವರ್ ನನ್ನ ಕೆಲಸದಲ್ಲಿ ತಪ್ಪು ಹುಡುಕಿದನಲ್ಲ ಎಂಬ ಸಣ್ಣ ಉರಿ. ಮೊಸರು ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿತು.

ಅಣ್ಣ ನನ್ನನ್ನು ನೋಡಿದರು. ಸಿಟ್ಟಿನಿಂದ ನೋಡಿದ್ದರೆ ನಾನೂ ಒಂದು ಮಾತು ಬೆಳೆಸಿ ಜಗಳವಾಡಿ ಹಗುರಾಗುತ್ತಿದ್ದೆನೋ ಏನೋ. ಅವರ ಮುಖದಲ್ಲಿದ್ದದ್ದು ಆಶ್ಚರ್ಯ ಮಾತ್ರ. ಕ್ಯಾಬಿನ್ ಹತ್ತಿ ತಮ್ಮ ಟವೆಲ್ಲು, ಊಟದ ಡಬ್ಬಿ, ಬಾಚಣಿಗೆ ತೆಗೆದುಕೊಂಡು ಇಳಿದರು. ಬೀಗದ ಕೈಯನ್ನು ಸಾಹುಕಾರರ ಕೈಗೆ ಕೊಟ್ಟು ಭದ್ರಾವತಿ ಬಸ್ಸಿಗೆ ನಡೆದುಕೊಂಡು ಹೋದರು.

ಇಲ್ಲಿಗೆ ನಿಂತಿದ್ದರೂ ಒಂದು ಮಾತಾಗುತ್ತಿತ್ತು. ಮುಂದಿನದು ಯಾರಿಗೂ ಗೊತ್ತಿಲ್ಲ.

ಎಂಟು ದಿನ ನಿದ್ದೆ ಸರಿಯಿರಲಿಲ್ಲ. ಮನಸ್ಸು ಚುಚ್ಚುತ್ತಿತ್ತು, ಹಾಗಾಗಿ ತಪ್ಪು ಸರಿಮಾಡಬೇಕು ಅಂತ ಹೊರಟೆ. ಒಂದು ಭಾನುವಾರ ಮಧ್ಯಾಹ್ನ, ಗ್ಯಾರೇಜಿನ ಶಟರ್ ಅರ್ಧ ಇಳಿಸಿ, ರೇಡಿಯೇಟರ್ ಬಿಚ್ಚಿ ತೊಳೆದೆ. ಹೊಸ ವಾಲ್ವ್ ಹಾಕಿದೆ. ಬೋರ್ಡಿನ ಕಾಲುಗಳನ್ನು ಕೊಯ್ದು ಹಿಂದಕ್ಕೆ ಬಾಗಿಸಿ ಬೆಸುಗೆ ಹಾಕಿದೆ. ಬೋಲ್ಟು ಸಡಿಲವಾಗಿತ್ತು, ಗಟ್ಟಿ ನಿಲ್ಲಲಿ ಅಂತ ಓರೆ ಮಾಡಿದ್ದೇನೆ ಅಂತ ಸಾಹುಕಾರರಿಗೆ ಹೇಳಿದೆ. ಅವರು ಹೂಂ ಅಂದರು. ಒಬ್ಬನೇ ಮಾಡಿದೆ, ತುಂಬ ಅಚ್ಚುಕಟ್ಟಾಗಿ ಮಾಡಿದೆ. ಮಾಡಿ ಮುಗಿಸಿದಾಗ ಸಮಾಧಾನವೂ ಆಯಿತು.

ಎಂಥ ಮೂರ್ಖ ನಾನು ಅಂತ ತಿಳಿಯಲು ಇಪ್ಪತ್ತು ದಿನ ಹಿಡಿಯಿತು. ಹೊಸ ಡ್ರೈವರ್ ಬಂದಿದ್ದ. ಅವನ ಕೈಯಲ್ಲಿ ಗಾಡಿ ಮತ್ತೆ ನಾಲ್ಕೂವರೆ ಓಡಿತು. ಸಾಹುಕಾರರು ಲಾರಿ ಸ್ಟ್ಯಾಂಡಿನಲ್ಲಿ ಎಲ್ಲರ ಎದುರು ಹೇಳಿದರಂತೆ—ಅದೇ ಗಾಡಿ, ಅದೇ ರಸ್ತೆ, ಡ್ರೈವರ್ ಒಬ್ಬ ಬದಲಾದ, ಇನ್ನೇನು ಸಾಕ್ಷಿ ಬೇಕು? ಅಲ್ಲಿಯವರೆಗೆ ಅನುಮಾನವಾಗಿದ್ದದ್ದು ಅವತ್ತು ಸತ್ಯವಾಯಿತು. ಗಾಡಿಯನ್ನು ಸರಿಮಾಡಿ ನಾನು ಅಣ್ಣನನ್ನು ಪೂರ್ತಿ ಕಳ್ಳನನ್ನಾಗಿ ಮಾಡಿದ್ದೆ. ಶಿವಮೊಗ್ಗದಲ್ಲೂ ಭದ್ರಾವತಿಯಲ್ಲೂ ಅವರಿಗೆ ಮತ್ತೆ ಲಾರಿ ಸಿಗಲಿಲ್ಲ. ಡೀಸೆಲ್ ಮುರುಗೇಶ ಅಂತ ಅಡ್ಡಹೆಸರು ಬಂತು. ಬಾಡಿಗೆ ಆಟೋ ಓಡಿಸಿದರು, ಆಮೇಲೆ ಶಾಲೆಯ ವ್ಯಾನು. ನೀವು ಬೆಳಿಗ್ಗೆ ಇಡ್ಲಿ ಮಾಡಿ ಮಾರಲು ಶುರು ಮಾಡಿದಿರಿ.

ಮತ್ತೆ ನೀವು ಒಂದು ದಿನ ಬಂದಿರಿ. ನಿಮಗೆ ನೆನಪಿದೆಯೋ ಇಲ್ಲವೋ. ಭದ್ರಾವತಿಯಿಂದ ಬಸ್ಸು ಹತ್ತಿ, ಆಲ್ಕೊಳದಲ್ಲಿ ಕೇಳಿಕೊಂಡು ಬಂದು, ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದಿರಿ. ಕೈಯಲ್ಲಿ ನನಗೆ ಅಂತ ಅನ್ನದ ಡಬ್ಬಿ. ಕೂರಲಿಲ್ಲ.

“ಇವ್ರು ಗಾಡೀದೇ ತಪ್ಪು ಅಂತಾರೆ ಗಿರಿ. ಏನಾದ್ರೂ ಇತ್ತಾ? ಇತ್ತು ಅಂತ ನೀನು ಒಂದ್ ಮಾತು ಹೇಳು, ನಂಗೆ ಅಷ್ಟೇ ಸಾಕು.”

ಸಾಹುಕಾರರು ಅಲ್ಲಿರಲಿಲ್ಲ. ಯಾರೂ ಇರಲಿಲ್ಲ. ಹೇಳಿದ್ದರೆ ನನಗೆ ಏನೂ ನಷ್ಟವಿರಲಿಲ್ಲ. ನಿಮಗೆ ಮಾತ್ರ ಹೇಳಿ, ಬೇರೆ ಯಾರಿಗೂ ಹೇಳಬೇಡಿ ಅಂದಿದ್ದರೂ ನೀವು ಕೇಳುತ್ತಿದ್ದಿರಿ. ನಾನು ಕೈಗೆ ಹತ್ತಿದ್ದ ಗ್ರೀಸು ಒರೆಸಿಕೊಳ್ಳುತ್ತಾ ಹೇಳಿದೆ—

“ಹೊಸ ಡ್ರೈವರ್‌ಗೆ ಚೆನ್ನಾಗೇ ಓಡ್ತಿದೆಯಲ್ಲ ಅಕ್ಕ.”

ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ನೀವು ತಲೆಯಾಡಿಸಿ ಡಬ್ಬಿಯನ್ನು ಬೆಂಚಿನ ಮೇಲಿಟ್ಟು ಹೋದಿರಿ. ನಾನು ಅದನ್ನು ತಿಂದೆ. ಇದನ್ನು ಬರೆಯಬಾರದು ಅಂತ ಎರಡು ಸಲ ಹೊಡೆದುಹಾಕಿದೆ, ಆದರೆ ತಿಂದೆ.

ಆಮೇಲೆ ನಾನು ಬೆಳೆದೆ. ಹೇಗೆ ಬೆಳೆದೆ ಅಂತಲೂ ನಿಮಗೆ ಗೊತ್ತಿರಬೇಕು. ಡೀಸೆಲ್ ದರ ಏರಿದ ಹಾಗೆಲ್ಲ ಲಾರಿಯವರೂ ಬಸ್ಸಿನವರೂ ಮೈಲೇಜಿಗಾಗಿ ಬಾಯಿ ಬಿಡತೊಡಗಿದರು. ನಾನು ಕ್ಯಾಬಿನ್ನಿನ ಮೇಲೆ ಗಾಳಿ ಜಾರಿಹೋಗುವ ಹಾಗೆ ಬಾಗಿದ ತಗಡು ಕೂರಿಸಿದೆ. ಎಲ್ಲರ ಗಾಡಿಗೂ ವಾಲ್ವ್ ವಾಪಸ್ ಹಾಕಿದೆ. ರೇಡಿಯೇಟರಿಗೆ ಬಂದ ಗಾಳಿ ಪಕ್ಕದಲ್ಲಿ ಸೋರಿಹೋಗದಂತೆ ಫ್ಯಾನಿನ ಸುತ್ತ ಗೂಡು ಕಟ್ಟಿದೆ. ಟಾರ್ಪಾಲು ಹೇಗೆ ಬಿಗಿಯಬೇಕು ಅಂತ ಪಾಠ ಹೇಳಿದೆ. ಈಗ ನನಗೆ ಮೈಲೇಜ್ ಮೇಸ್ತ್ರಿ ಅನ್ನುತ್ತಾರೆ. ಸೋಗಾನೆಯ ಕಡೆ ವಿಮಾನ ನಿಲ್ದಾಣಕ್ಕೆ ಓಡುವ ಬಾಡಿಗೆ ಕಾರಿನವರು ಕೂಡ ಬಂದು ಸಲಹೆ ಕೇಳುತ್ತಾರೆ. ಡ್ರೈವರುಗಳ ಸಭೆಗಳಲ್ಲಿ ನಾನು ಕೈಯನ್ನು ಮುಂದೆ ಚಾಚಿ, ಗಾಳಿಗೆ ಎದೆ ಕೊಡಬೇಡಿ, ಹೆಗಲು ಕೊಡಿ ಅನ್ನುತ್ತೇನೆ. ಚಪ್ಪಾಳೆ ತಟ್ಟುತ್ತಾರೆ. ಯಾರ ಮಾತು ಅದು ಅಂತ ಒಂದು ಸಲವೂ ಹೇಳಿಲ್ಲ.

ಹದಿನೈದು ದಿನದ ಹಿಂದೆ ಭದ್ರಾವತಿ ಬೈಪಾಸಿನಲ್ಲಿ ಕೆಟ್ಟು ನಿಂತ ಲಾರಿ ನೋಡಲು ಬಂದಿದ್ದೆ. ಟೀ ಅಂಗಡಿಯಲ್ಲಿ ಯಾರೋ ಹಿಂದಿನಿಂದ ತಂಬಿ ಅಂದರು. ಈ ಊರುಗಳಲ್ಲಿ ನನ್ನನ್ನು ಹಾಗೆ ಕರೆಯುವವರು ಒಬ್ಬರೇ. ತಿರುಗಲು ಹೆದರಿಕೆಯಾಯಿತು. ಅಣ್ಣನ ಕೂದಲೆಲ್ಲ ಬೆಳ್ಳಗಾಗಿದೆ, ಕನ್ನಡಕದ ಗಾಜು ದಪ್ಪವಾಗಿದೆ. ನನ್ನ ಕೈ ಹಿಡಿದುಕೊಂಡು, ಮನೆಗೆ ಬರದೆ ಹೋಗುವ ಹಾಗಿಲ್ಲ ಅಂದರು. ಆ ಕೈಯಿಂದ ಕೈ ಬಿಡಿಸಿಕೊಳ್ಳಲು ನನಗೆ ಆಗಲಿಲ್ಲ.

ನೀವು ನನ್ನ ತಲೆಯ ಮೇಲೆ ಕೈಯಿಟ್ಟಿರಿ. ಎಷ್ಟು ದಪ್ಪ ಆಗಿದ್ದೀಯ ಮಾರಾಯ ಅಂದಿರಿ. ಹಳೆಯ ಮಾತು ಬಂತು, ಟೊಮ್ಯಾಟೊ ಅನ್ನದ ಮಾತು ಬಂತು, ಸೈರನ್ ಈಗ ಕೂಗುವುದಿಲ್ಲ ಅನ್ನುವ ಮಾತು ಬಂತು. ನಾನು ನಗುತ್ತಲೂ ಇದ್ದೆ. ಆಗ ನೀವು ಕಾಫಿ ಲೋಟ ಇಡುತ್ತಾ, ಮನೆಯವರ ಬಗ್ಗೆ ಮನೆಯವನೊಬ್ಬನ ಹತ್ತಿರ ಹೇಳುವ ಹಾಗೆ ಹೇಳಿದಿರಿ—

“ಇವ್ರು ಬಂಗಾರದಂಥ ಮನುಷ್ಯ ಗಿರಿ. ಅದೊಂದು ತಪ್ಪು ಮಾಡಿದ್ರು, ನಿಂಗೆ ಗೊತ್ತಿರೋದೇ. ಆ ದುಡ್ಡು ಯಾರ ಮನೆಗೆ ಸುರಿದ್ರೋ ಅಂತ ನಾನು ಒಂದು ವರ್ಷ ಮಾತೇ ಬಿಟ್ಟಿದ್ದೆ. ಆಮೇಲೆ ಮನ್ನಿಸ್ಬಿಟ್ಟೆ. ಮನುಷ್ಯ ಅಂದ್ಮೇಲೆ ಎಡವ್ತಾನೆ.”

ಅಣ್ಣ ಅಲ್ಲೇ ಎದುರು ಕುರ್ಚಿಯಲ್ಲಿ ಕೂತಿದ್ದರು. ಕೇಳಿಸಿಕೊಂಡರು. ನನ್ನ ಕಡೆ ನೋಡಲೂ ಇಲ್ಲ. ಇಲ್ಲ ಅನ್ನಲಿಲ್ಲ, ಇವನನ್ನೇ ಕೇಳು ಅನ್ನಲಿಲ್ಲ. ಒಮ್ಮೆ ಹಾಗೆ ಅಂದು ಏನಾಯಿತು ಅಂತ ಅವರಿಗೆ ಗೊತ್ತಲ್ಲ. “ಕುಡಿ ತಂಬಿ, ಆರಿಹೋಗುತ್ತೆ” ಅಂದರು, ಅಷ್ಟೇ. ಕುಡಿದೆ. ಹೊರಟು ಬಂದೆ.

ಒಂದು ಕೆಲಸ ಹೋಯಿತು, ಒಂದು ಅಡ್ಡಹೆಸರು ಬಂತು—ನಾನು ಮಾಡಿದ್ದು ಇಷ್ಟೇ ಅಂತ ಇಷ್ಟು ವರ್ಷ ಲೆಕ್ಕ ಹಾಕಿಕೊಂಡಿದ್ದೆ. ಆ ಮನೆಯೊಳಗೆ ಏನಾಗಿತ್ತು ಅಂತ ಯೋಚಿಸಿಯೇ ಇರಲಿಲ್ಲ. ಮಾಡದ ತಪ್ಪಿಗೆ ಹೆಂಡತಿ ಒಂದು ವರ್ಷ ಮಾತು ಬಿಟ್ಟಿದ್ದನ್ನು ಆ ಮನುಷ್ಯ ಸಹಿಸಿದರು. ಆಮೇಲೆ ಮಾಡದ ತಪ್ಪಿಗೆ ಹೆಂಡತಿ ಕೊಟ್ಟ ಕ್ಷಮೆಯನ್ನೂ ಸಹಿಸಿದರು. ಎರಡನೆಯದು ಹೆಚ್ಚು ಕಷ್ಟವಿದ್ದಿರಬೇಕು. ನನಗೆ ನಾಚಿಕೆಯಾಗುತ್ತಿದೆ ಅಕ್ಕ, ಹೇಳಲಾರದಷ್ಟು.

ಮೊನ್ನೆ ಹೊಸಮನೆಗೆ ಹೋಗಿ ಸಾಹುಕಾರರಿಗೆ ಎಲ್ಲ ಹೇಳಿದೆ. ಅವರಿಗೆ ಈಗ ಎಂಬತ್ತರ ಹತ್ತಿರ. ಲಾರಿಗಳನ್ನೆಲ್ಲ ಮಾರಿ ಬಹಳ ವರ್ಷವಾಯಿತು. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು “ಅವತ್ತೇ ಹೇಳಿದ್ರೆ ನಿಂಗೆ ಎರಡು ಮಾತು ಬೈದು ಸುಮ್ನಾಗ್ತಿದ್ದೆ ಮಾರಾಯ” ಅಂದರು. ನಾಲ್ಕು ಲಾರಿ ಕೈತಪ್ಪುತ್ತವೆ ಅಂತ ನಾನು ಹೆದರಿದ್ದೆನಲ್ಲ, ಆ ಹೆದರಿಕೆಗೆ ಬುಡವೇ ಇರಲಿಲ್ಲ. ನನ್ನ ಹತ್ತಿರ ಉಳಿದಿದ್ದ ಒಂದೇ ನೆವವನ್ನೂ ಆ ಮುದುಕರು ಕಿತ್ತುಕೊಂಡರು. ಒಳ್ಳೆಯದೇ ಆಯಿತು.

ಈ ಶುಕ್ರವಾರ ಲಾರಿ ಸ್ಟ್ಯಾಂಡಿನಲ್ಲಿ ಡ್ರೈವರುಗಳ ಸಭೆಯಿದೆ. ಉಳಿದವರಿಗೆ ಅಲ್ಲಿ ಹೇಳುತ್ತೇನೆ, ಹೆಸರು ಹಿಡಿದು ಹೇಳುತ್ತೇನೆ. ಆ ಅಡ್ಡಹೆಸರು ಕಟ್ಟಿದವರಲ್ಲಿ ಕೆಲವರು ಇನ್ನೂ ಅಲ್ಲೇ ಇದ್ದಾರೆ. ಭಾನುವಾರ ಬೆಳಿಗ್ಗೆ ಭದ್ರಾವತಿಗೆ ಬರುತ್ತೇನೆ. ಆದರೆ ಅದಕ್ಕೂ ಮೊದಲು ನಿಮಗೆ ತಿಳಿಯಬೇಕು ಅಂತ ಈ ಕಾಗದ. ಇದನ್ನು ಓದಿದ ಮೇಲೆ ಅಣ್ಣನ ಎದುರು ನಿಮಗೆ ಹೇಗಾಗುತ್ತದೆ ಅಂತ ನನಗೆ ಗೊತ್ತು. ಆ ಸಂಕಟವನ್ನೂ ನಿಮ್ಮ ಮೇಲೆ ಹೊರಿಸುತ್ತಿರುವವನು ನಾನೇ. ಹೊರಿಸದೆ ಸತ್ಯ ಹೇಳುವ ದಾರಿ ಹುಡುಕಿದೆ, ಸಿಗಲಿಲ್ಲ.

ಒಂದೇ ಬೇಡಿಕೆ. ಅಣ್ಣನಿಗೆ ಕೊಟ್ಟ ಕ್ಷಮೆಯನ್ನು ಹಿಂದಕ್ಕೆ ತೆಗೆದುಕೊಳ್ಳಿ ಅಕ್ಕ. ಅದು ಬೇಕಾಗುವಂಥದ್ದೇನನ್ನೂ ಅವರು ಮಾಡಿರಲಿಲ್ಲ. ಹಾಗಂತ ಅದನ್ನು ನನಗೂ ಕೊಡಬೇಡಿ.